ಕಿರುಗಣಕದ ವೇಗವನ್ನು ನಿಶ್ಚಯಿಸುವವರು ಯಾರು?

ನಮ್ಮ ಕಾಲೇಜಿನ ತರಗತಿಯ ಕೊಠಡಿಗಳಲ್ಲಿ ಚಾವಣಿಗೆ ಪಂಖಗಳನ್ನು ತೂಗುಹಾಕಿದ್ದಾರೆ. ಗೋಡೆಯ ಮೇಲೆ ಅವುಗಳ ವೇಗವನ್ನು ಬದಲಿಸುವ ರೆಗ್ಯುಲೇಟರಿನ ಗುಂಡಿಗಳೂ ಇವೆ. ವಿದ್ಯಾರ್ಥಿಗಳು ಒಳಗೆ ಬಂದೊಡನೆ ಸ್ವಿಚ್ಚನ್ನು ಒತ್ತುತ್ತಾರೆ. ಆದರೆ ಗುಂಡಿಯನ್ನು ತಿರುಗಿಸುವವರು ವಿರಳ. ಹಿಂದಿನ ದಿನ ಯಾರೋ ಅದನ್ನು ಎರಡರಲ್ಲಿ ಬಿಟ್ಟು ಹೋಗಿದ್ದರೆ ಇಂದು ಇಡೀ ತರಗತಿ ಎರಡರಲ್ಲಿಯೇ ಬೆವರುತ್ತದೆ. ಐದರಲ್ಲಿ ಬಿಟ್ಟಿದ್ದರೆ ಮಳೆಗಾಲದ ತಂಪು ಬೆಳಗಿನಲ್ಲಿಯೂ ಕಾಗದಗಳು ಹಾರಾಡುತ್ತಿರುತ್ತವೆ. ಆರಿಸಿಕೊಳ್ಳುವ ಸ್ವಾತಂತ್ರ್ಯ ಅಲ್ಲಿ ಎಲ್ಲರಿಗೂ ಇದೆ. ಆದರೂ ಆಯ್ಕೆಯಾದದ್ದು ಅಲ್ಲಿಲ್ಲದ ಒಬ್ಬನ ಕೈಯಿಂದ.

ಇಷ್ಟೇ ಅಲ್ಪವೆಂದು ತೋರುವ, ಆದರೆ ಇದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಮುಟ್ಟುವ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುವ ಸಣ್ಣ ಗಣಕಯಂತ್ರಗಳಲ್ಲಿ ಪ್ರೊಸೆಸರು ಎಷ್ಟು ವೇಗವಾಗಿ ಓಡಬೇಕು, ಎಷ್ಟು ವಿದ್ಯುತ್ತನ್ನು ಬಳಸಬೇಕು ಎಂಬುದನ್ನು ನಿಶ್ಚಯಿಸುವ ಗುಂಡಿಯೊಂದುಂಟು. ಅದು ಕಣ್ಣಿಗೆ ಕಾಣುವ ಗುಂಡಿಯಲ್ಲ. ತಂತ್ರಾಂಶದೊಳಗೆ ಅಡಗಿರುವ ಒಂದು ಪದ. ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದಾಗ ಆ ಗುಂಡಿ ಎಲ್ಲಿರಬೇಕು? ಎಲ್ಲರೂ 'ಡಿಫಾಲ್ಟ್' ಎಂದು ಕರೆಯುವ ಈ ಪೂರ್ವನಿಯೋಜಿತ ಏರ್ಪಾಟನ್ನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು? ನಮ್ಮ ಉತ್ತರವನ್ನು ಹೇಳುವುದಕ್ಕೆ ಮುಂಚೆ, ಈ ಪ್ರಶ್ನೆ ನಮಗೆ ಹೇಗೆ ಎದುರಾಯಿತೆಂಬುದನ್ನು ತಿಳಿಸುವುದು ಯುಕ್ತ.

ಪ್ರಯೋಗಶಾಲೆಯಲ್ಲಿ ನಡೆದ ಸಂಗತಿ

ಲೋಲಕದ ಆಂದೋಲನಗಳನ್ನು ಬೆಳಕಿನ ಕಿರಣದ ನೆರವಿನಿಂದ ಎಣಿಸಿ, ಅವುಗಳ ನಕ್ಷೆಯನ್ನು ಪರದೆಯ ಮೇಲೆ ತೋರಿಸುವುದಕ್ಕಾಗಿ ನಮ್ಮ ಭೌತವಿಜ್ಞಾನ ವಿಭಾಗಕ್ಕೆ ಆರು ಕಿರುಗಣಕಗಳನ್ನು ತಂದಿದ್ದೆವು. ಅಂಗೈಯಗಲದ ಒಂದೇ ಫಲಕದ ಮೇಲೆ ಪ್ರೊಸೆಸರು, ಸ್ಮೃತಿ, ಜೋಡಣೆಯ ಕಿಂಡಿಗಳು ಎಲ್ಲವೂ ಇರುವ ಯಂತ್ರಗಳವು. ಉಚಿತವಾಗಿ ದೊರೆಯುವ ಲಿನಕ್ಸಿನ ಒಂದು ರೂಪವನ್ನು ಅವುಗಳಿಗೆ ತುಂಬಿ ಕೆಲಸಕ್ಕೆ ಹಚ್ಚಿದೆವು. ಮೊದಲ ದಿನದಿಂದಲೇ ಪ್ರತಿಯೊಂದಕ್ಕೂ ಕಾಯಬೇಕಾಗಿತ್ತು. ಒಂದು ಆದೇಶವನ್ನು ಕೊಟ್ಟು, ಲಾಗ್ ಪುಸ್ತಕದಲ್ಲಿ ಎರಡು ಸಾಲು ಬರೆದು ತಲೆಯೆತ್ತಿದರೂ ನಕ್ಷೆ ಮೂಡಿರುತ್ತಿರಲಿಲ್ಲ. "ಅಗ್ಗದ ಸಾಮಾನು ಸಾರ್, ಇಷ್ಟೇ" ಎಂದು ವಿದ್ಯಾರ್ಥಿಗಳು ತೀರ್ಪು ಕೊಟ್ಟರು. ಅಳೆದು ನೋಡಿ ಎಂದು ದಿನವೂ ಅವರಿಗೆ ಬೋಧಿಸುವ ನಾವು, ಅಳೆಯದೆಯೇ ಆ ತೀರ್ಪನ್ನು ಒಪ್ಪಿಕೊಂಡೆವು.

ಒಂದು ಸೆಮಿಸ್ಟರ್ ಹೀಗೆಯೇ ಕಳೆಯಿತು. ಆ ಯಂತ್ರಗಳನ್ನು ಕಪಾಟಿಗೆ ಸೇರಿಸಿ ಹೊಸವನ್ನು ಕೊಡಿಸಬೇಕೆಂದು ಪ್ರಾಂಶುಪಾಲರಿಗೆ ಅರ್ಜಿಯನ್ನೂ ಬರೆದಿಟ್ಟಿದ್ದೆವು. ಅಷ್ಟರಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು, ಪ್ರೊಸೆಸರು ಆಯಾ ಕ್ಷಣದಲ್ಲಿ ಯಾವ ಆವೃತ್ತಿಯಲ್ಲಿ ಓಡುತ್ತಿದೆಯೆಂಬುದನ್ನು ತೋರಿಸುವ ಕಡತವೊಂದನ್ನು ಹುಡುಕಿ ಓದಿದಳು. ಯಂತ್ರ ಸುಮ್ಮನಿದ್ದಾಗ ಯಾವ ಅಂಕೆಯಿತ್ತೋ, ಭಾರವಾದ ಲೆಕ್ಕ ನಡೆಯುತ್ತಿದ್ದಾಗಲೂ ಅದೇ ಅಂಕೆ. ಅದು ಆ ಪ್ರೊಸೆಸರಿನ ಗರಿಷ್ಠ ಆವೃತ್ತಿಯ ಅರ್ಧವೂ ಆಗಿರಲಿಲ್ಲ. ನಮ್ಮ ಯಂತ್ರಗಳು ಅಸಮರ್ಥವಾಗಿರಲಿಲ್ಲ. ಅವುಗಳ ಗುಂಡಿ ಕನಿಷ್ಠ ವೇಗದಲ್ಲಿ ನಿಂತಿತ್ತು. ಒಂದು ಪದವನ್ನು ಬದಲಿಸಿದ ಕೂಡಲೇ ಆರು ಯಂತ್ರಗಳೂ ಚುರುಕಾದವು. ಅರ್ಜಿಯನ್ನು ಹರಿದುಹಾಕಿದೆವು.

ತಪ್ಪು ಯಾರದೆಂಬುದು ಇಲ್ಲಿ ಮುಖ್ಯವಲ್ಲ; ಮೊದಲ ತಪ್ಪು ಅಳೆಯದೆ ಕುಳಿತ ನಮ್ಮದೇ. ಆದರೆ ಆ ಕಡತವನ್ನು ಓದುವ ಒಬ್ಬ ವಿದ್ಯಾರ್ಥಿನಿ ಎಲ್ಲ ಕಡೆಯೂ ಇರುತ್ತಾಳೆಯೆ? ಸಣ್ಣ ಊರಿನ ಪ್ರೌಢಶಾಲೆಯಲ್ಲಿ, ಕೂಡಿಟ್ಟ ಹಣದಿಂದ ಒಂದು ಫಲಕವನ್ನು ಕೊಂಡ ಹುಡುಗನ ಮನೆಯಲ್ಲಿ, ಸುಸ್ಥಿತಿಯಲ್ಲಿರುವ ಎಷ್ಟು ಯಂತ್ರಗಳು ಹೀಗೆಯೇ ಮೂಲೆ ಸೇರಿರಬಹುದು? ಈ ಯೋಚನೆಯೇ ಈ ಲೇಖನಕ್ಕೆ ಕಾರಣ.

ವೇಗಕ್ಕೂ ಶಕ್ತಿಗೂ ಇರುವ ಸಂಬಂಧ

ವೇಗವನ್ನು ತಗ್ಗಿಸುವ ಗುಂಡಿಯಾದರೂ ಏಕೆ ಬೇಕು? ಇದಕ್ಕೆ ಉತ್ತರ ನಮ್ಮ ಪಠ್ಯಪುಸ್ತಕದಲ್ಲಿಯೇ ಇದೆ. ಪ್ರೊಸೆಸರಿನೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ. ಒಂದೊಂದೂ ತೆರೆದು ಮುಚ್ಚುವ ಒಂದು ಸೂಕ್ಷ್ಮ ಸ್ವಿಚ್ಚು. ಸ್ವಿಚ್ಚಿನ ಸ್ಥಿತಿ ಬದಲಾಗಬೇಕಾದರೆ ಅದರ ಮುಂದಿರುವ ಅತ್ಯಲ್ಪ ಧಾರಕತೆಯನ್ನು ವಿದ್ಯುದಾವೇಶದಿಂದ ತುಂಬಬೇಕು, ಇಲ್ಲವೆ ಬರಿದುಮಾಡಬೇಕು. ಧಾರಕವನ್ನು ರೋಧದ ಮೂಲಕ ತುಂಬುವಾಗ ಆಕರವು ಕೊಟ್ಟ ಶಕ್ತಿಯಲ್ಲಿ ಅರ್ಧ ಮಾತ್ರ ಅದರಲ್ಲಿ ಸಂಗ್ರಹವಾಗುತ್ತದೆ, ಉಳಿದರ್ಧ ಉಷ್ಣವಾಗಿ ಹೋಗುತ್ತದೆ. ಬರಿದುಮಾಡುವಾಗ ಸಂಗ್ರಹವಾಗಿದ್ದ ಅರ್ಧವೂ ಉಷ್ಣವಾಗುತ್ತದೆ. ಆದುದರಿಂದ ಒಂದು ಸಲ ತುಂಬಿ ಬರಿದುಮಾಡುವುದಕ್ಕೆ ತಗಲುವ ಶಕ್ತಿಯು ಧಾರಕತೆ ಮತ್ತು ವೋಲ್ಟೇಜಿನ ವರ್ಗ ಇವೆರಡರ ಗುಣಲಬ್ಧ. ಸೆಕೆಂಡಿಗೆ ಎಷ್ಟು ಸಲ ಇದು ನಡೆಯುತ್ತದೆಂಬುದು ಆವೃತ್ತಿಯನ್ನು ಅವಲಂಬಿಸಿದೆ. ಹೀಗೆ, ಪ್ರೊಸೆಸರು ಸೆಳೆಯುವ ಸಾಮರ್ಥ್ಯವು ಸ್ಥೂಲವಾಗಿ ಧಾರಕತೆ, ವೋಲ್ಟೇಜಿನ ವರ್ಗ, ಆವೃತ್ತಿ ಈ ಮೂರರ ಗುಣಲಬ್ಧವಾಗುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆವೃತ್ತಿಯನ್ನು ಮಾತ್ರ ಅರ್ಧಕ್ಕೆ ಇಳಿಸಿದರೆ ಸಾಮರ್ಥ್ಯ ಅರ್ಧವಾಗುತ್ತದೆ, ನಿಜ. ಆದರೆ ಅದೇ ಕೆಲಸಕ್ಕೆ ಎರಡರಷ್ಟು ಕಾಲ ಹಿಡಿಯುತ್ತದೆ. ಕೆಲಸಕ್ಕೆ ತಗಲಿದ ಒಟ್ಟು ಶಕ್ತಿ ಮೊದಲಿನಷ್ಟೇ. ನಿಜವಾದ ಉಳಿತಾಯ ದೊರೆಯುವುದು ವೋಲ್ಟೇಜನ್ನು ಇಳಿಸಿದಾಗ. ಹೆಚ್ಚು ಆವೃತ್ತಿಯಲ್ಲಿ ಸ್ವಿಚ್ಚುಗಳು ಸಕಾಲದಲ್ಲಿ ತೆರೆದು ಮುಚ್ಚಬೇಕಾದರೆ ಹೆಚ್ಚು ವೋಲ್ಟೇಜು ಬೇಕು. ಆವೃತ್ತಿಯನ್ನು ತಗ್ಗಿಸಿದರೆ ವೋಲ್ಟೇಜನ್ನೂ ಕೊಂಚ ತಗ್ಗಿಸಬಹುದು. ವೋಲ್ಟೇಜಿನ ವರ್ಗವು ಲೆಕ್ಕದಲ್ಲಿ ಬರುವುದರಿಂದ ಆ ಕೊಂಚವೇ ಬಹಳವಾಗುತ್ತದೆ.

ಇದರೊಡನೆ ಇನ್ನೊಂದು ವೆಚ್ಚವೂ ಉಂಟು. ಮುಚ್ಚಿದ ಸ್ವಿಚ್ಚಿನ ಮೂಲಕವೂ ಅಲ್ಪಸ್ವಲ್ಪ ಪ್ರವಾಹ ಸೋರುತ್ತಿರುತ್ತದೆ. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ೧೯೭೪ರಲ್ಲಿ ಒಂದು ನಿಯಮವನ್ನು ವಿವರಿಸಿದರು. ಟ್ರಾನ್ಸಿಸ್ಟರುಗಳನ್ನು ಚಿಕ್ಕದು ಮಾಡುತ್ತ ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸುತ್ತ ಹೋದರೆ, ಒಂದು ಚದರ ಸೆಂಟಿಮೀಟರಿಗೆ ತಗಲುವ ಸಾಮರ್ಥ್ಯ ಏರದೆಯೇ ವೇಗ ಏರುತ್ತದೆಂಬುದು ಅದರ ಸಾರ. ಸುಮಾರು ಮೂರು ದಶಕಗಳ ಕಾಲ ಗಣಕೋದ್ಯಮ ಈ ನಿಯಮದ ನೆರಳಿನಲ್ಲಿ ನಡೆಯಿತು. ೨೦೦೫ರ ಸುಮಾರಿಗೆ ಸೋರಿಕೆಯ ದೆಸೆಯಿಂದ ವೋಲ್ಟೇಜನ್ನು ಇನ್ನಷ್ಟು ಇಳಿಸುವುದು ದುಸ್ಸಾಧ್ಯವಾಯಿತು. ಅಂದಿನಿಂದ ಪ್ರೊಸೆಸರು ಯಾವಾಗ ಓಡಬೇಕು, ಯಾವಾಗ ನಡೆಯಬೇಕು, ಯಾವಾಗ ಮಲಗಬೇಕು ಎಂಬ ವಿವೇಚನೆಯ ಬೆಲೆ ಇನ್ನೂ ಹೆಚ್ಚಿತು.

ನಿಯಾಮಕರ ಪರಿಚಯ

ಆ ವಿವೇಚನೆಯನ್ನು ಮಾಡುವ ಭಾಗಕ್ಕೆ ಲಿನಕ್ಸಿನಲ್ಲಿ 'ಗವರ್ನರ್', ಎಂದರೆ ನಿಯಾಮಕ ಎಂದು ಹೆಸರು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ಜೇಮ್ಸ್ ವಾಟ್ ೧೭೮೮ರಲ್ಲಿ ತನ್ನ ಉಗಿಯಂತ್ರಕ್ಕೆ ಎರಡು ತಿರುಗುವ ಗುಂಡುಗಳ ನಿಯಾಮಕವನ್ನು ಅಳವಡಿಸಿದನು. ಯಂತ್ರ ವೇಗವಾದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ದಾರಿಯನ್ನು ಕಿರಿದು ಮಾಡುತ್ತಿದ್ದವು. ಇಂಥ ನಿಯಾಮಕಗಳ ಗಣಿತವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ೧೮೬೮ರಲ್ಲಿ ವಿವೇಚಿಸಿದನು. ಒಂದು ಭೇದ ಮಾತ್ರ ಉಂಟು: ವಾಟನ ನಿಯಾಮಕ ಹೊರೆ ಬದಲಾದರೂ ವೇಗವನ್ನು ಒಂದೇ ಸಮನೆ ಇಡಲು ಯತ್ನಿಸುತ್ತಿತ್ತು, ಲಿನಕ್ಸಿನ ನಿಯಾಮಕ ಹೊರೆಯನ್ನು ನೋಡಿ ವೇಗವನ್ನೇ ಬದಲಿಸಬಲ್ಲುದು.

ಲಿನಕ್ಸಿನ ತಿರುಳಾದ ಕರ್ನೆಲಿನಲ್ಲಿ ಇಂಥ ನಿಯಾಮಕಗಳು ಹಲವಿವೆ. 'ಪರ್ಫಾರ್ಮೆನ್ಸ್' ಎಂಬುದು ಪ್ರೊಸೆಸರನ್ನು ಸದಾ ಗರಿಷ್ಠ ಆವೃತ್ತಿಯಲ್ಲಿಡುತ್ತದೆ. 'ಪವರ್‌ಸೇವ್' ಎಂಬುದು ಸದಾ ಕನಿಷ್ಠದಲ್ಲಿಡುತ್ತದೆ. ಇವೆರಡೂ ಹೊರೆಯನ್ನು ನೋಡುವುದೇ ಇಲ್ಲ. ಮೂರನೆಯದು 'ಆನ್‌ಡಿಮಾಂಡ್', ೨೦೦೪ರಲ್ಲಿ ಕರ್ನೆಲಿಗೆ ಸೇರಿದ ಇದನ್ನು ಇಂಟೆಲ್ ಸಂಸ್ಥೆಯ ವೆಂಕಟೇಶ್ ಪಳ್ಳಿಪಾಡಿ ಮತ್ತು ಅಲೆಕ್ಸಿ ಸ್ಟಾರಿಕೋವ್‌ಸ್ಕಿ ಎಂಬ ತಜ್ಞರು ೨೦೦೬ರಲ್ಲಿ ಒಟ್ಟಾವಾ ನಗರದ ಲಿನಕ್ಸ್ ಸಮ್ಮೇಳನದಲ್ಲಿ ವಿವರಿಸಿದರು. ಕ್ಲುಪ್ತ ಕಾಲಕ್ಕೊಮ್ಮೆ ಇದು ಪ್ರೊಸೆಸರಿನ ಹೊರೆಯನ್ನು ಅಳೆಯುತ್ತದೆ. ಹೊರೆ ಒಂದು ಮಿತಿಯನ್ನು ದಾಟಿದರೆ ಒಮ್ಮೆಲೇ ಗರಿಷ್ಠಕ್ಕೆ ಏರಿಸುತ್ತದೆ, ದಾಟದಿದ್ದರೆ ಹೊರೆಗೆ ತಕ್ಕ ಆವೃತ್ತಿಯನ್ನು ಆರಿಸುತ್ತದೆ. ೨೦೧೬ರಲ್ಲಿ ಸೇರಿದ 'ಶೆಡ್‌ಯುಟಿಲ್' ಬೇರೆಯಾಗಿ ಅಳೆಯುವುದಿಲ್ಲ. ಯಾವ ಕೆಲಸಕ್ಕೆ ಎಷ್ಟು ಸರದಿಯೆಂದು ಹಂಚುವ ಕರ್ನೆಲಿನ ಭಾಗಕ್ಕೆ ಹೊರೆಯ ಅಂದಾಜು ಮೊದಲೇ ಇರುವುದರಿಂದ, ಅದನ್ನೇ ಕೇಳಿ ತಿಳಿದುಕೊಳ್ಳುತ್ತದೆ. ಅದರ ಸೂತ್ರ ಸರಳ: ಹೊರೆಯ ಪ್ರಮಾಣಕ್ಕಿಂತ ಒಂದೂಕಾಲು ಪಟ್ಟು ವೇಗವನ್ನು ಕೊಡು. ಹೊರೆ ನೂರಕ್ಕೆ ನಲವತ್ತಾದರೆ ವೇಗ ಗರಿಷ್ಠದ ನೂರಕ್ಕೆ ಐವತ್ತು. ಹೊರೆ ಎಂಬತ್ತಾದರೆ ವೇಗ ಪೂರ್ತಿ ನೂರು. ಕೊನೆಯ ಈ ಎರಡನ್ನು ನಾವು 'ಹೊರೆಯನ್ನು ಅನುಸರಿಸುವ ನಿಯಾಮಕ'ಗಳೆಂದು ಕರೆಯೋಣ.

ಅದೇ ಅಂಕೆಗಳಿಂದ ಎರಡು ಉತ್ತರ

ಪವರ್‌ಸೇವ್ ಎಂದರೆ ವಿದ್ಯುತ್ತಿನ ಉಳಿತಾಯ, ಉಳಿತಾಯ ಒಳ್ಳೆಯದು, ಆದುದರಿಂದ ಅದನ್ನೇ ಪೂರ್ವನಿಯೋಜಿತವಾಗಿಡಬೇಕು ಎಂದು ಕೆಲವರು ವಾದಿಸುವುದುಂಟು. ಹೆಸರನ್ನು ನೋಡಿ ತೀರ್ಮಾನಿಸದೆ ಲೆಕ್ಕವನ್ನು ಮಾಡಿ ನೋಡೋಣ. ಕೆಳಗಿನ ಅಂಕೆಗಳು ಯಾವುದೇ ಒಂದು ಯಂತ್ರದ ಅಳತೆಗಳಲ್ಲ, ತಿಳಿವಳಿಕೆಗಾಗಿ ಊಹಿಸಿಕೊಂಡವು.

ಒಂದು ಕಿರುಗಣಕ ಗರಿಷ್ಠ ಆವೃತ್ತಿಯಲ್ಲಿ, ೧.೨ ವೋಲ್ಟಿನಲ್ಲಿ ಓಡುವಾಗ ಅದರ ಪ್ರೊಸೆಸರು ೪ ವ್ಯಾಟ್ ಸೆಳೆಯುತ್ತದೆಂದೂ, ಒಂದು ಲೆಕ್ಕವನ್ನು ೧೦ ಸೆಕೆಂಡಿನಲ್ಲಿ ಮುಗಿಸುತ್ತದೆಂದೂ ಇಟ್ಟುಕೊಳ್ಳೋಣ. ಖರ್ಚು ೪೦ ಜೂಲ್. ಕನಿಷ್ಠ ಆವೃತ್ತಿ ಗರಿಷ್ಠದ ನೂರಕ್ಕೆ ನಲವತ್ತು, ಆಗಿನ ವೋಲ್ಟೇಜು ೦.೯ ಎಂದಾದರೆ, ಸಾಮರ್ಥ್ಯ ೦.೯ ವ್ಯಾಟ್‌ಗೆ ಇಳಿಯುತ್ತದೆ. ಕಾಲ ೨೫ ಸೆಕೆಂಡಿಗೆ ಏರುತ್ತದೆ. ಖರ್ಚು ೨೨.೫ ಜೂಲ್. ಪ್ರೊಸೆಸರನ್ನು ಮಾತ್ರ ನೋಡಿದರೆ ನಿಧಾನವೇ ಲಾಭಕರ.

ಆದರೆ ಫಲಕದ ಮೇಲೆ ಪ್ರೊಸೆಸರೊಂದೇ ಇಲ್ಲ. ಸ್ಮೃತಿ, ಜಾಲದ ಜೋಡಣೆ ಮುಂತಾದ ಉಳಿದ ಭಾಗಗಳು ವೇಗ ಯಾವುದಾದರೂ ಒಂದೇ ಸಮನೆ ೨ ವ್ಯಾಟ್ ಸೆಳೆಯುತ್ತವೆಂದು ಭಾವಿಸೋಣ. ಯಂತ್ರ ದಿನವೆಲ್ಲ ಎಚ್ಚರವಾಗಿಯೇ ಇರುವಂಥದಾದರೆ ೨೫ ಸೆಕೆಂಡಿನ ಅವಧಿಯಲ್ಲಿ ಈ ಭಾಗಗಳ ಖರ್ಚು ಎರಡು ಪಕ್ಷಗಳಲ್ಲಿಯೂ ೫೦ ಜೂಲ್. ವೇಗದ ಪಕ್ಷದ ಒಟ್ಟು ಮೊತ್ತ ೯೦, ನಿಧಾನದ ಪಕ್ಷದ್ದು ೭೨.೫. ನಿಧಾನವೇ ಗೆದ್ದಿತು. ಯಂತ್ರವು ಕೆಲಸ ಮುಗಿದೊಡನೆ ಸಂಪೂರ್ಣವಾಗಿ ನಿದ್ರೆಹೋಗುವಂಥದಾದರೆ ಏನಾಗುತ್ತದೆ? ವೇಗದ ಪಕ್ಷದಲ್ಲಿ ಉಳಿದ ಭಾಗಗಳು ಎಚ್ಚರವಾಗಿರುವುದು ೧೦ ಸೆಕೆಂಡು ಮಾತ್ರ. ಮೊತ್ತ ೪೦ ಮತ್ತು ೨೦, ಒಟ್ಟು ೬೦ ಜೂಲ್. ನಿಧಾನದ ಪಕ್ಷ ೭೨.೫ರಲ್ಲಿಯೇ ನಿಂತಿದೆ. ಈಗ ವೇಗವೇ ಗೆದ್ದಿತು! ಬೇಗನೆ ಮುಗಿಸಿ ಬೇಗನೆ ಮಲಗು ಎಂಬ ಈ ನೀತಿಯನ್ನು ಗಣಕ ತಜ್ಞರು ಬಹುಕಾಲದಿಂದ ಬಲ್ಲರು.

ಇದಿಷ್ಟೂ ಯಂತ್ರದ ಮಾತು. ಅದರ ಮುಂದೆ ಕುಳಿತ ಮನುಷ್ಯನನ್ನು ಈಗ ಸೇರಿಸೋಣ. ಅವನ ಎದುರಿನ ಪರದೆ ೧೫ ವ್ಯಾಟ್ ಸೆಳೆಯುತ್ತದೆಂದರೆ, ನಿಧಾನದಿಂದಾಗಿ ಅವನು ಹೆಚ್ಚಾಗಿ ಕಾದ ೧೫ ಸೆಕೆಂಡುಗಳಲ್ಲಿ ಪರದೆಯೊಂದೇ ೨೨೫ ಜೂಲ್ ನುಂಗುತ್ತದೆ. ಪ್ರೊಸೆಸರಿನಲ್ಲಿ ಉಳಿಸಿದ್ದು ೧೭.೫. ಹಳೆಯ ಕಾಲದ ರೋಧಕ ರೆಗ್ಯುಲೇಟರಿನಲ್ಲಿಯೂ ಹೀಗೆಯೇ: ಪಂಖ ನಿಧಾನವಾಗಿ ತಿರುಗಿದರೂ ಅದಕ್ಕೆ ಹೋಗದ ವಿದ್ಯುತ್ತಿನಲ್ಲಿ ಒಂದಂಶ ರೆಗ್ಯುಲೇಟರನ್ನು ಬಿಸಿಮಾಡುತ್ತ ಪೋಲಾಗುತ್ತಿತ್ತು. ನಿಧಾನವೆಂದರೆ ಉಳಿತಾಯವೆಂಬ ಸಮೀಕರಣ ಅಲ್ಲಿಯೂ ಪೂರ್ತಿ ಸತ್ಯವಲ್ಲ, ಇಲ್ಲಿಯೂ ಅಲ್ಲ.

ಗೊಂದಲಕ್ಕೆ ಹೆಸರೂ ಒಂದು ಕಾರಣ. ಇಂಟೆಲ್ ಪ್ರೊಸೆಸರುಗಳಿಗೆಂದೇ ರಚಿತವಾದ ಒಂದು ಚಾಲಕ ತಂತ್ರಾಂಶದಲ್ಲಿಯೂ 'ಪವರ್‌ಸೇವ್' ಎಂಬ ಆಯ್ಕೆಯಿದೆ. ಆದರೆ ಅಲ್ಲಿ ಅದು ಹೊರೆಯನ್ನು ನೋಡಿ ವೇಗವನ್ನು ಏರಿಳಿಸುತ್ತದೆ. ಸಾಮಾನ್ಯ ನಿಯಾಮಕದಲ್ಲಿ ಅದೇ ಪದಕ್ಕೆ ಅರ್ಥ, ಸದಾ ಕನಿಷ್ಠ. ಮೇಜಿನ ಮೇಲಿನ ಗಣಕದಲ್ಲಿ ಅದನ್ನು ಕಂಡು ತೃಪ್ತನಾದವನು ಕಿರುಗಣಕದಲ್ಲಿಯೂ ಅದೇ ಪದವನ್ನು ನೋಡಿ ಸುಮ್ಮನಾದರೆ ಅವನನ್ನು ದೂರುವಂತಿಲ್ಲ.

ಒಂದು ನಿದರ್ಶನ

ಪೂರ್ವನಿಯೋಜಿತ ಏರ್ಪಾಟು ಎಂಬುದು ಒಂದೇ ಕಡೆ ಒಬ್ಬನೇ ಮಾಡುವ ನಿಶ್ಚಯವಲ್ಲ ಎಂಬುದಕ್ಕೆ ರಾಸ್ಪ್‌ಬೆರಿ ಪೈ ಒಳ್ಳೆಯ ನಿದರ್ಶನ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಮಕ್ಕಳಿಗೆ ಗಣಕವಿದ್ಯೆಯನ್ನು ಕಲಿಸುವ ಉದ್ದೇಶದಿಂದ ಹುಟ್ಟಿದ ಈ ಕಿರುಗಣಕ ೨೦೧೨ರ ಫೆಬ್ರವರಿ ೨೯ರಂದು ಮಾರಾಟಕ್ಕೆ ಬಂತು. ೨೦೧೯ರಲ್ಲಿ ಬಂದ ಅದರ ನಾಲ್ಕನೆಯ ಮಾದರಿಯ ಪ್ರೊಸೆಸರು ೬೦೦ರಿಂದ ೧೫೦೦ ಮೆಗಾಹರ್ಟ್ಸ್‌ವರೆಗೆ ಓಡುತ್ತಿತ್ತು. ಈ ಯಂತ್ರಗಳಿಗಾಗಿ ಸಿದ್ಧವಾಗುತ್ತಿದ್ದ ಕರ್ನೆಲಿನಲ್ಲಿ ಬಹುಕಾಲ ಪವರ್‌ಸೇವ್ ನಿಯಾಮಕವೇ ಪೂರ್ವನಿಯೋಜಿತವಾಗಿತ್ತು. ಆದರೆ ಅವರದೇ ಕಾರ್ಯಾಚರಣ ವ್ಯವಸ್ಥೆ ಮೇಲೇಳುವಾಗ ಒಂದು ಸಣ್ಣ ಆದೇಶಪಟ್ಟಿ ಓಡಿ, ನಿಯಾಮಕವನ್ನು ಆನ್‌ಡಿಮಾಂಡ್‌ಗೆ ಬದಲಿಸಿ, ಹೊರೆಯ ಮಿತಿಯನ್ನು ನೂರಕ್ಕೆ ಐವತ್ತಕ್ಕೆ ಇಡುತ್ತಿತ್ತು. ಯಂತ್ರ ಮೇಲೇಳುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಈ ಬದಲಾವಣೆ ನಡೆಯುತ್ತಿರಲಿಲ್ಲ. ವೇಗವನ್ನು ಮಿತಿಮೀರಿ ಏರಿಸಿ ಯಂತ್ರವನ್ನು ಕೆಡಿಸಿಕೊಂಡವರಿಗೆ ಅದು ಹಿಂದಿರುಗುವ ದಾರಿಯಾಗಿತ್ತು.

ಇದು ಜಾಣತನದ ಏರ್ಪಾಟೇ ಸರಿ. ಆದರೆ ಇದರಲ್ಲಿ ಎರಡು ಮೆಟ್ಟಿಲುಗಳಿವೆಯೆಂಬುದನ್ನು ಗಮನಿಸಬೇಕು. ಅಂಥ ಕರ್ನೆಲನ್ನು ಮಾತ್ರ ತೆಗೆದುಕೊಂಡು ಬೇರೊಂದು ವ್ಯವಸ್ಥೆಯನ್ನು ಕಟ್ಟುವವನು ಎರಡನೆಯ ಮೆಟ್ಟಿಲನ್ನು ಮರೆತರೆ, ಯಂತ್ರ ಕನಿಷ್ಠ ವೇಗದಲ್ಲಿಯೇ ಉಳಿಯುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಏಕೆಂದರೆ ಯಂತ್ರದ ದೃಷ್ಟಿಯಲ್ಲಿ ದೋಷವೇ ಆಗಿಲ್ಲ. ಲಿನಕ್ಸಿನ ಮೂಲ ಕರ್ನೆಲಿನಲ್ಲಿ ೨೦೨೦ರಲ್ಲಿ ಎ.ಆರ್.ಎಂ. ಜಾತಿಯ ಪ್ರೊಸೆಸರುಗಳಿಗೆ ಶೆಡ್‌ಯುಟಿಲ್ ನಿಯಾಮಕವನ್ನು ಪೂರ್ವನಿಯೋಜಿತವಾಗಿ ಮಾಡಲಾಯಿತು. ಕಿರುಗಣಕಗಳಲ್ಲಿ ಬಹುಪಾಲು ಇದೇ ಜಾತಿಯವು. ಆದರೂ ಕರ್ನೆಲನ್ನು ಕಟ್ಟಿ ಹಂಚುವ ಪ್ರತಿಯೊಬ್ಬನೂ ಅದನ್ನು ಬದಲಿಸಬಲ್ಲನಾದ್ದರಿಂದ ಪ್ರಶ್ನೆ ಮುಗಿದುಹೋಗಿಲ್ಲ.

ನಮ್ಮ ಅಭಿಪ್ರಾಯ

ನಮ್ಮ ಮತವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮನುಷ್ಯರು ಎದುರಿಗೆ ಕುಳಿತು ಬಳಸುವ ಕಿರುಗಣಕಗಳಲ್ಲಿ ಹೊರೆಯನ್ನು ಅನುಸರಿಸುವ ನಿಯಾಮಕವೇ ಪೂರ್ವನಿಯೋಜಿತವಾಗಿರಬೇಕು. ಸದಾ ಕನಿಷ್ಠವೂ ಸಲ್ಲದು, ಸದಾ ಗರಿಷ್ಠವೂ ಸಲ್ಲದು.

ಮೊದಲನೆಯ ಕಾರಣ: ಪೂರ್ವನಿಯೋಜಿತ ಏರ್ಪಾಟು ಇರುವುದು ಆರಿಸಿಕೊಳ್ಳಲಾರದವನಿಗಾಗಿ. ಹೊಲದ ನಡುವೆ ಸೌರಫಲಕದಿಂದ ನಡೆಯುತ್ತ ಗಂಟೆಗೊಮ್ಮೆ ಮಣ್ಣಿನ ತೇವವನ್ನು ಬರೆದಿಡುವ ಯಂತ್ರಕ್ಕೆ ಪವರ್‌ಸೇವ್ ತಕ್ಕದ್ದಿರಬಹುದು. ಸಂಗೀತವನ್ನು ಕ್ಷಣವೂ ತಡವಿಲ್ಲದೆ ಸಂಸ್ಕರಿಸಬೇಕಾದ ಯಂತ್ರಕ್ಕೆ ಪರ್ಫಾರ್ಮೆನ್ಸ್ ಬೇಕಾಗಬಹುದು. ಆದರೆ ಅಂಥ ಯಂತ್ರವನ್ನು ಕಟ್ಟುವವನು ತನ್ನ ಬ್ಯಾಟರಿಯನ್ನೂ ತನ್ನ ಕೆಲಸವನ್ನೂ ಬಲ್ಲವನು, ಗುಂಡಿಯೆಲ್ಲಿದೆಯೆಂಬುದನ್ನೂ ಬಲ್ಲನು. ನಿಯಾಮಕವೆಂಬ ಪದವನ್ನೇ ಕೇಳಿರದ ಪ್ರೌಢಶಾಲೆಯ ಹುಡುಗನ ಪರವಾಗಿ ಆರಿಸುವವರು ಬೇರೆ ಯಾರೂ ಇಲ್ಲ. ಬಲ್ಲವನ ಶ್ರಮವನ್ನು ಒಂದು ನಿಮಿಷ ಕಡಿಮೆ ಮಾಡುವುದಕ್ಕಾಗಿ, ಅರಿಯದವನನ್ನು ವರ್ಷಗಟ್ಟಲೆ ಕಾಯಿಸುವುದು ನ್ಯಾಯವಲ್ಲ.

ಎರಡನೆಯ ಕಾರಣ: ಏರ್ಪಾಟು ತಪ್ಪಿದಾಗ ಆ ತಪ್ಪು ಗೋಚರವಾಗಬೇಕು. ವೇಗ ಅತಿಯಾದರೆ ಯಂತ್ರ ಬಿಸಿಯಾಗುತ್ತದೆ; ಕೈಗೆ ತಿಳಿಯುತ್ತದೆ. ಉಷ್ಣತೆಯ ಕಾವಲು ಬೇರೆಯಾಗಿಯೇ ಇರುತ್ತದೆ: ರಾಸ್ಪ್‌ಬೆರಿ ಪೈ ಯಂತ್ರದಲ್ಲಿ ಉಷ್ಣತೆ ೮೦ ಡಿಗ್ರಿ ಸೆಲ್ಸಿಯಸನ್ನು ದಾಟಿದರೆ, ನಿಯಾಮಕ ಏನೇ ಹೇಳಿದರೂ, ಪ್ರೊಸೆಸರಿನ ವೇಗ ತಾನಾಗಿ ಕುಗ್ಗತೊಡಗುತ್ತದೆ. ನಿಧಾನಕ್ಕೆ ಇಂಥ ಸಾಕ್ಷಿಯಿಲ್ಲ. ತಾನು ಏಕೆ ನಿಧಾನವಾಗಿದ್ದೇನೆಂದು ಯಂತ್ರ ಹೇಳುವುದಿಲ್ಲ. ನಾವು ಯಂತ್ರವನ್ನು ಬೈಯುತ್ತೇವೆ, ಇಲ್ಲವೆ ನಮ್ಮ ಬಡತನವನ್ನು ಹಳಿಯುತ್ತೇವೆ. ಕೊನೆಗೆ ಹೊಸದನ್ನು ಕೊಳ್ಳುತ್ತೇವೆ. ಹೊಸ ಯಂತ್ರವನ್ನು ಗಣಿಯ ಅದಿರಿನಿಂದ ಹಿಡಿದು ತಯಾರಿಸಿ ತರುವುದಕ್ಕೆ ತಗಲುವ ಶಕ್ತಿಯ ಮುಂದೆ, ಪ್ರೊಸೆಸರಿನಲ್ಲಿ ಉಳಿಸಿದ ಜೂಲುಗಳ ಲೆಕ್ಕ ಎಲ್ಲಿ ನಿಂತೀತು?

ಮೂರನೆಯ ಕಾರಣ: ಹೊರೆಯನ್ನು ಅನುಸರಿಸುವ ನಿಯಾಮಕ ತಪ್ಪಿದರೂ ಕೊಂಚವೇ ತಪ್ಪುತ್ತದೆ. ನಾವು ಮೇಲೆ ಮಾಡಿದ ಲೆಕ್ಕದಂಥ ಭಾರವಾದ ಕೆಲಸದಲ್ಲಿ ಅದು ಕನಿಷ್ಠ ಖರ್ಚಿನ ದಾರಿಯನ್ನು ಹಿಡಿಯದೆ ಇರಬಹುದು; ೭೨.೫ರ ಬದಲು ೯೦ರ ಬಳಿಯ ಖರ್ಚನ್ನು ಅದು ಮಾಡೀತು. ಆದರೆ ಅಕ್ಷರಗಳನ್ನು ಬೆರಳಚ್ಚಿಸುವುದು, ಪುಟವನ್ನು ಓದುವುದು ಮುಂತಾದ ಹಗುರ ಕೆಲಸಗಳಲ್ಲಿ ಅದು ಆವೃತ್ತಿಯನ್ನೂ ವೋಲ್ಟೇಜನ್ನೂ ಇಳಿಸಿ ಉಳಿಸುತ್ತದೆ. ನಮ್ಮ ದಿನದ ಬಹುಭಾಗ ಇಂಥ ಕೆಲಸಗಳಲ್ಲಿಯೇ ಕಳೆಯುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಹೊರೆಯನ್ನು ಅಳೆದು ನಿರ್ಧರಿಸುವುದಕ್ಕೆ ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಕ್ಷಣಿಕವಾದ ಕೆಲಸ ನಿಧಾನದಲ್ಲಿಯೇ ಮುಗಿದುಹೋಗಿರುತ್ತದೆ ಎಂದು ಪರ್ಫಾರ್ಮೆನ್ಸ್ ಪಕ್ಷದವರು ಹೇಳುತ್ತಾರೆ. ಇದು ನಿಜ. ಮೆಮೊರಿ ಕಾರ್ಡಿನಿಂದ ಮಾಹಿತಿ ಬರುವುದನ್ನು ಕಾಯುತ್ತಿರುವ ಪ್ರೊಸೆಸರು ಸುಮ್ಮನಿರುವಂತೆ ಕಾಣುವುದರಿಂದ ನಿಯಾಮಕ ವೇಗವನ್ನು ಇಳಿಸಿ, ಓದುವ ಕೆಲಸವೇ ಮತ್ತಷ್ಟು ನಿಧಾನವಾಗಬಹುದೆಂಬುದೂ ನಿಜ. ಈ ಎರಡನೆಯ ದೋಷಕ್ಕೆ ಪರಿಹಾರ ಈಗಾಗಲೇ ಇದೆ: ಹಾಗೆ ಕಾಯುವುದನ್ನೂ ಹೊರೆಯೆಂದು ಎಣಿಸುವಂತೆ ಆನ್‌ಡಿಮಾಂಡ್‌ಗೆ ಹೇಳಬಹುದು, ಶೆಡ್‌ಯುಟಿಲ್ ಇಂಥ ಸಂದರ್ಭದಲ್ಲಿ ತಾನೇ ವೇಗಕ್ಕೆ ಇಂಬು ಕೊಡುತ್ತದೆ. ಮೊದಲನೆಯ ದೋಷ ಪೂರ್ತಿಯಾಗಿ ಹೋಗಲಾರದು. ಮುಂದಾಗುವುದನ್ನು ಮೊದಲೇ ಬಲ್ಲ ನಿಯಾಮಕ ಯಾವ ಯಂತ್ರದಲ್ಲಿಯೂ ಇಲ್ಲ. ಮಿಲಿಸೆಕೆಂಡುಗಳ ಆ ವಿಳಂಬವನ್ನು ನಾವು ಒಪ್ಪಿಕೊಳ್ಳುತ್ತೇವೆ. ಗಳಿಗೆಗಟ್ಟಲೆ ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ಏರ್ಪಾಟನ್ನು ಮಾಡುವವರಲ್ಲಿ ಇನ್ನೊಂದು ವಿನಂತಿಯುಂಟು. ಯಾವ ನಿಯಾಮಕವನ್ನು ಆರಿಸಿದರೂ, ಅದನ್ನು ಒಂದೇ ಕಡೆ ಆರಿಸಲಿ. ಏಕೆ ಆರಿಸಿದೆವೆಂಬುದನ್ನು ಪಕ್ಕದಲ್ಲಿ ಒಂದು ಸಾಲಿನಲ್ಲಿ ಬರೆದಿಡಲಿ. ಕಾರಣವನ್ನು ಬರೆದಿಟ್ಟ ಏರ್ಪಾಟನ್ನು ಕಾಲ ಬದಲಾದಾಗ ತಿದ್ದಬಹುದು. ಕಾರಣವಿಲ್ಲದ ಏರ್ಪಾಟು ಪದ್ಧತಿಯಾಗಿಬಿಡುತ್ತದೆ. ಅದನ್ನು ಮುಟ್ಟಲು ಎಲ್ಲರೂ ಅಂಜುತ್ತಾರೆ.

ವಿದ್ಯಾರ್ಥಿಗಳಿಗೆ

ನಮ್ಮ ಮಾತನ್ನು ಹಾಗೆಯೇ ನಂಬಬೇಕೆಂದು ನಾವು ಕೇಳುವುದಿಲ್ಲ. ಲಿನಕ್ಸ್ ಇರುವ ಯಾವುದಾದರೂ ಗಣಕ ಕೈಗೆ ಸಿಕ್ಕಿದರೆ 'ಸಿಸ್' ಎಂಬ ಕೋಶವನ್ನು ತೆರೆಯಿರಿ. ಅದರೊಳಗೆ ಕ್ರಮವಾಗಿ 'ಡಿವೈಸಸ್', 'ಸಿಸ್ಟಮ್', 'ಸಿಪಿಯು', 'ಸಿಪಿಯು ೦', 'ಸಿಪಿಯುಫ್ರೆಕ್' ಎಂಬ ಕೋಶಗಳನ್ನು ದಾಟಿದರೆ 'ಸ್ಕೇಲಿಂಗ್ ಗವರ್ನರ್' ಎಂಬ ಕಡತ ಸಿಗುತ್ತದೆ. ಅದರಲ್ಲಿ ಒಂದೇ ಒಂದು ಪದವಿರುತ್ತದೆ. ಅದೇ ನಿಮ್ಮ ಯಂತ್ರದ ಗುಂಡಿ. ಓದುವುದಕ್ಕೆ ಯಾರ ಅನುಮತಿಯೂ ಬೇಡ. ಬದಲಿಸುವುದಕ್ಕೆ ಮಾತ್ರ ಯಂತ್ರದ ಮೇಲ್ವಿಚಾರಕನ ಅಧಿಕಾರ ಬೇಕು. ಯು.ಎಸ್.ಬಿ. ತಂತಿಯ ನಡುವೆ ಜೋಡಿಸುವ ಸಣ್ಣ ವಿದ್ಯುನ್ಮಾಪಕವೊಂದನ್ನು ಇಟ್ಟುಕೊಂಡು, ಒಂದು ಲಕ್ಷದವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಲೆಕ್ಕವನ್ನು ಮೂರು ನಿಯಾಮಕಗಳಲ್ಲಿಯೂ ಓಡಿಸಿರಿ. ಕಾಲ, ವೋಲ್ಟೇಜು, ಪ್ರವಾಹ, ಪ್ರೊಸೆಸರಿನ ಉಷ್ಣತೆ ಇವನ್ನು ಕೋಷ್ಟಕದಲ್ಲಿ ಬರೆಯಿರಿ. ಪ್ರತಿಯೊಂದನ್ನೂ ಐದೈದು ಸಲ ಮಾಡಿ ಸರಾಸರಿಯನ್ನು ತೆಗೆಯಿರಿ. ಯಂತ್ರ ಸುಮ್ಮನಿರುವಾಗಿನ ಖರ್ಚನ್ನೂ ಅಳೆಯಲು ಮರೆಯಬೇಡಿ. ತೀರ್ಪು ಬದಲಾಗುವುದು ಅಲ್ಲಿಯೇ. ನಿಮ್ಮ ಯಂತ್ರದಲ್ಲಿ ನಮ್ಮ ಮತ ತಪ್ಪೆಂದು ಕಂಡುಬಂದರೆ ಆ ಕೋಷ್ಟಕವನ್ನು ನಮ್ಮ ಮುಂದಿಡಿ. ನಾವು ಮತವನ್ನು ತಿದ್ದಿಕೊಳ್ಳುತ್ತೇವೆ.

ನಮ್ಮ ಪ್ರಯೋಗಶಾಲೆಯ ಆ ಆರು ಕಿರುಗಣಕಗಳು ಇಂದಿಗೂ ಲೋಲಕವನ್ನು ಎಣಿಸುತ್ತಿವೆ. ಅವುಗಳ ಪಕ್ಕದ ಗೋಡೆಗೆ ಒಂದು ಚೀಟಿಯನ್ನು ಅಂಟಿಸಿದ್ದೇವೆ. ಯಾವ ನಿಯಾಮಕವನ್ನು ಇಟ್ಟಿದ್ದೇವೆ, ಏಕೆ ಇಟ್ಟಿದ್ದೇವೆ, ಯಾವ ತಾರೀಖಿನಂದು ಅಳೆದು ನೋಡಿದೆವು ಎಂಬ ಮೂರು ಸಾಲು ಅದರಲ್ಲಿವೆ. ಆ ಅಕ್ಷರಗಳು ಅಂದು ಕಡತವನ್ನು ತೆರೆದು ಓದಿದ ವಿದ್ಯಾರ್ಥಿನಿಯವು.